ಖಲಾಸಿ ಚಾಳ ಎಲ್ಲಿ ಹೋಯಿತು?

ಕಳೆದ ತಿಂಗಳು ಭಾಂಡುಪ್‌ನ ನಮ್ಮ ಕನ್ನಡಿಗರ ಕೂಟದಲ್ಲಿ ಚಹಾದ ಹೊತ್ತಿಗೆ ನಡೆದ ಒಂದು ಮಾತೇ ಈ ಬರಹಕ್ಕೆ ಕಾರಣ. ರಜೆಗೆ ಊರಿಗೆ ಹೋಗಿ ಬಂದಿದ್ದ ಕುಟುಂಬವೊಂದು ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸುತ್ತಿತ್ತು. ಹಳೆಯ ಇಂಜಿನಿನ ಮುಂದೆ ಮಕ್ಕಳು ನಿಂತ ಚಿತ್ರ, ಹಳೆಯ ಕಾಟೇಜಿನ ಮೆಟ್ಟಿಲ ಮೇಲೆ ಅಜ್ಜಿ ಕುಳಿತ ಚಿತ್ರ. ಎಲ್ಲರೂ "ಎಷ್ಟು ಚೆನ್ನಾಗಿ ಇಟ್ಟಿದ್ದಾರೆ" ಎಂದು ಮೆಚ್ಚಿಕೊಂಡರು. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಚಿತ್ರ ನೋಡಿ, "ಛಲೋ ಐತ್ರಿ. ಆದ್ರ ನಮ್ಮ ಖಲಾಸಿ ಚಾಳ ಎಲ್ಲಿ ಹೋತು?" ಎಂದರು. ಹುಡುಗನೊಬ್ಬ, "ಕಾಕಾ, ಅದನ್ನ ಯಾರ್ ನೋಡಾಕ ಬರ್ತಾರ?" ಎಂದ. ಎಲ್ಲರೂ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಆ ನಗು ನಮ್ಮನ್ನೇ ಚುಚ್ಚತೊಡಗಿತು.

ಮೊದಲೇ ಹೇಳಿಬಿಡೋಣ: ಹುಬ್ಬಳ್ಳಿಯ ಆ ಸಂಗ್ರಹಾಲಯದ ಮೇಲೆ ನಮಗೆ ಕಿಂಚಿತ್ತೂ ಅಸಮಾಧಾನವಿಲ್ಲ. ೨೦೨೦ರ ಆಗಸ್ಟಿನಲ್ಲಿ ತೆರೆದ ಅದು ೧೯೦೭ರಲ್ಲಿ ಕಟ್ಟಿದ ಎರಡು ಕಾಟೇಜುಗಳನ್ನು ಒಡೆಯದೆ ಉಳಿಸಿಕೊಂಡಿದೆ. ಅವಕ್ಕೆ ಮಲಪ್ರಭಾ, ಘಟಪ್ರಭಾ ಎಂದು ನಮ್ಮ ಹೊಳೆಗಳ ಹೆಸರಿಟ್ಟಿದೆ. ಇಷ್ಟು ಬುದ್ಧಿ ದೇಶದ ಎಲ್ಲ ಕಡೆ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಆ ಹಿರಿಯರ ಪ್ರಶ್ನೆ ಬೇರೆ. ಕಾಟೇಜು ಉಳಿಯಿತು, ಸರಿ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಹಾಕಿದಂದಿನಿಂದ ಅಲ್ಲಿ ಬೆವರು ಸುರಿಸಿದ ಸಾವಿರಾರು ಖಲಾಸಿ, ಫಿಟ್ಟರ್, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್‌ಗಳು ರಾತ್ರಿ ಮಲಗುತ್ತಿದ್ದ ಮನೆಗಳ ಗತಿ ಏನು? ಮುಂಬಯಿಯ ಪರೇಲ್, ಮಾಟುಂಗಾ, ಕುರ್ಲಾ, ಕಲ್ಯಾಣದ ಸಾಲುಮನೆಗಳ ಗತಿ ಏನು? ಅವು ಬೀಳುವಾಗ ಒಂದು ಚಿತ್ರವನ್ನಾದರೂ ತೆಗೆದಿಟ್ಟವರು ನಮ್ಮಲ್ಲಿ ಎಷ್ಟು ಜನ?

ಇದನ್ನು ಭಾಂಡುಪ್‌ನಲ್ಲಿ ಕುಳಿತು ಕೇಳಲು ನಮಗೆ ವಿಶೇಷ ಅಧಿಕಾರ ಇದೆ ಎಂದು ನಮ್ಮ ನಂಬಿಕೆ. ೧೮೪೩ರಲ್ಲಿ ಮುಂಬಯಿ ಸರ್ಕಾರದ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕ್ ಎಂಬವರು ಭಾಂಡುಪ್‌ಗೆ ಬಂದಿದ್ದಾಗಲೇ ಮುಂಬಯಿಯನ್ನು ಠಾಣೆ, ಕಲ್ಯಾಣ ಮತ್ತು ಘಟ್ಟಗಳಿಗೆ ರೈಲಿನಿಂದ ಜೋಡಿಸುವ ವಿಚಾರ ಅವರಿಗೆ ಹೊಳೆಯಿತೆಂದು ರೈಲ್ವೆಯ ಇತಿಹಾಸವೇ ಹೇಳುತ್ತದೆ. ೧೮೫೦ರ ಅಕ್ಟೋಬರ್ ೩೧ರಂದು ಸಯಾನ್ ಬಳಿ ಮೊದಲ ಮಣ್ಣು ಅಗೆದರು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ೧೪ ಡಬ್ಬಿಗಳ ಗಾಡಿ, ಸುಮಾರು ೪೦೦ ಅತಿಥಿಗಳು, ಮೂರು ಇಂಜಿನು, ೨೧ ತೋಪುಗಳ ಗೌರವದೊಂದಿಗೆ ಹೊರಟಿತು. ಇಂಜಿನುಗಳ ಹೆಸರು ಕೂಡ ಇತಿಹಾಸದಲ್ಲಿದೆ: ಸಾಹಿಬ್, ಸಿಂಧ್, ಸುಲ್ತಾನ್. ಇಂದು ಬೆಳಿಗ್ಗೆ ಎಂಟೂವರೆಗೆ ಭಾಂಡುಪ್ ಫ್ಲ್ಯಾಟ್‌ಫಾರ್ಮಿನಲ್ಲಿ ನೂಕುನುಗ್ಗಲಿನಲ್ಲಿ ನಿಲ್ಲುವ ನಾವು, ಆ ಗಾಡಿ ಹಾದುಹೋದ ದಾರಿಯಲ್ಲೇ ಒಂದು ಕಾಲನ್ನು ಡಬ್ಬಿಯೊಳಗೆ ಇಟ್ಟು ದಿನ ಕಳೆಯುತ್ತೇವೆ.

ನೋಡಿ, ಯೋಚನೆ ಮಾಡಿದವರ ಹೆಸರು ಉಳಿಯಿತು, ಇಂಜಿನಿನ ಹೆಸರೂ ಉಳಿಯಿತು. ಬುಟ್ಟಿ ಹೊತ್ತವರ ಹೆಸರು ಮಾತ್ರ ಎಲ್ಲೂ ಇಲ್ಲ. ಬೋರ್‌ಘಾಟ್ ಕಡಿಯುವಾಗ ೧೮೬೧ರಲ್ಲಿ ೪೦ ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಕೆಲಸಕ್ಕಿದ್ದರು. ಕಾಲರಾ, ಜ್ವರ, ಬಂಡೆ ಸಿಡಿತಗಳಿಗೆ ಸಾವಿರ ಸಾವಿರವಾಗಿ ಸತ್ತರು. ಅವರು ಇದ್ದ ಗುಡಿಸಲು ಆ ವರ್ಷದ ಮಳೆಗೇ ಹೋಗಿರಬೇಕು. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಆಮೇಲೆ ಗಾಡಿ ಓಡತೊಡಗಿದಾಗ ಕಂಪನಿಗಳಿಗೆ ಒಂದು ಸತ್ಯ ಗೊತ್ತಾಯಿತು: ಹಳಿ ಕಾಯುವವನು ಹಳಿಯ ಹತ್ತಿರ ಇರಬೇಕು, ಇಂಜಿನು ತೊಳೆಯುವವನು ಶೆಡ್ಡಿನ ಭೋಂಗಾ ಕೇಳುವಷ್ಟು ಸಮೀಪದಲ್ಲಿ ಮಲಗಬೇಕು. ಆಗ ಹುಟ್ಟಿದವು ಈ ಸಾಲುಮನೆಗಳು. ಮೈಸೂರು ಕಡೆಯವರು ವಠಾರ ಎನ್ನಬಹುದು, ಕೋಲಾರದ ಚಿನ್ನದ ಗಣಿಯಲ್ಲಿ ಲೈನು ಎನ್ನುತ್ತಾರೆ, ಹುಬ್ಬಳ್ಳಿಯವರು, ಮುಂಬಯಿಯವರು ಚಾಳ ಎನ್ನುತ್ತಾರೆ. ಹೆಸರು ಯಾವುದಾದರೂ ಒಂದೇ ಗೋಡೆಯ ಎರಡು ಬದಿಗೆ ಎರಡು ಸಂಸಾರ.

ಸಾಹೇಬರ ಬಂಗಲೆಗೆ ತೋಟ, ಕುದುರೆ ಲಾಯ; ಡ್ರೈವರ್, ಗಾರ್ಡುಗಳಿಗೆ ಅದಕ್ಕಿಂತ ಕೆಳಗಿನ ಮನೆ; ಕಟ್ಟಕಡೆಗೆ ಖಲಾಸಿಗೆ ಒಂದು ಕೋಣೆ, ಮುಂದೆ ಒಂದು ಪಡಸಾಲೆ, ಹಿಂದೆ ಹೊಗೆಗೂಡು. ನಮ್ಮ ಅನೇಕ ಕುಟುಂಬಗಳ ಹಿರಿಯರು ಹೇಳುವ ನೆನಪು ಇದೇ. ಸಾಲಿನ ಕೊನೆಗೆ ಒಂದು ನಲ್ಲಿ. ಅದರ ಮುಂದೆ ಬೆಳಿಗ್ಗೆ ನಾಲ್ಕಕ್ಕೇ ಬಿಂದಿಗೆಗಳ ಸಾಲು. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ನಂಬರು. ಪತ್ರದ ವಿಳಾಸವೂ ಆ ನಂಬರೇ, ಮನೆಯವರ ಅಡ್ಡಹೆಸರೂ ಆ ನಂಬರೇ. ಯಾರ್ಡಿನಲ್ಲಿ ಬಿದ್ದ ಅರೆಬೆಂದ ಕಲ್ಲಿದ್ದಲನ್ನು ಹೆಂಗಸರು, ಮಕ್ಕಳು ಆರಿಸಿ ತಂದು ಒಲೆಗೆ ಹಾಕುತ್ತಿದ್ದರು. ಬೇಸಿಗೆಯಲ್ಲಿ ಊರಿನಿಂದ ಬಂದ ನೆಂಟರು ಪಡಸಾಲೆಯ ತುಂಬ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆ ೧೯೫೬ರವರೆಗೆ ಮುಂಬಯಿ ಪ್ರಾಂತದಲ್ಲೇ ಇದ್ದದ್ದರಿಂದ ಅಲ್ಲಿಯ ಹುಡುಗರಿಗೆ ಮುಂಬಯಿ ಪರದೇಶವಾಗಿರಲಿಲ್ಲ. ೧೯೭೦ರ ಸುಮಾರಿನವರೆಗೆ ಪುಣೆಯಲ್ಲಿ, ಆ ಮೇಲೆ ೧೯೯೦ರ ದಶಕದ ತನಕ ಮೀರಜಿನಲ್ಲಿ ಗಾಡಿ ಬದಲಿಸಿ, ಟ್ರಂಕು ತಲೆಯ ಮೇಲೆ ಹೊತ್ತು ಬಂದವರು ಮೊದಲ ರಾತ್ರಿ ಮಲಗಿದ್ದು ಯಾವನೋ ರೈಲ್ವೆಯ ಮಾವನ ಪಡಸಾಲೆಯಲ್ಲೇ. ಹೋಟೆಲಿನ ಮಾಣಿಗಳಾಗಿ ಬಂದ ಕರಾವಳಿಯವರಿಗೆ ಹೋಟೆಲಿನ ಬೆಂಚು ಏನಾಗಿತ್ತೋ, ಬಯಲುಸೀಮೆಯವರಿಗೆ ರೈಲ್ವೆ ಚಾಳ ಅದಾಗಿತ್ತು. ಉಡುಪಿ ಹೋಟೆಲಿನ ಬಗ್ಗೆ ನಮ್ಮಲ್ಲಿ ಎಷ್ಟು ಲೇಖನ, ಎಷ್ಟು ಸ್ಮರಣ ಸಂಚಿಕೆ! ರೈಲ್ವೆ ಚಾಳದ ಬಗ್ಗೆ ಬರೆದವರನ್ನು ಬೆರಳೆಣಿಸಿ ನೋಡಿ.

"ಅದೇನು ವೈಭವ ಎಂದು ಬರೆಯಬೇಕು? ಸೋರುವ ಮಾಡು, ಸಾಲಿಗೊಂದು ಸಂಡಾಸು" ಎಂದು ಕೇಳುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಚಾಳದಲ್ಲಿ ಬೆಳೆದವರು ಯಾರೂ ಅದನ್ನು ಸ್ವರ್ಗ ಎನ್ನುವುದಿಲ್ಲ. ಸ್ವರ್ಗ ಎನ್ನುವವರು ಸಾಮಾನ್ಯವಾಗಿ ಅಲ್ಲಿ ಇದ್ದವರಲ್ಲ. ಆ ಮನೆ ಮನುಷ್ಯನಿಗೆ ಕೊಟ್ಟ ಆಸರೆಯೂ ಹೌದು, ಹಾಕಿದ ಸರಪಳಿಯೂ ಹೌದು. ಇದು ಕಣ್ಣಿಗೆ ಕಟ್ಟಿದ್ದು ೧೯೭೪ರ ಮೇ ತಿಂಗಳಿನಲ್ಲಿ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಬೀದಿಯಲ್ಲಿ ನಾಯಕನಾದ ನಮ್ಮ ಜಾರ್ಜ್ ಫರ್ನಾಂಡಿಸ್ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿ ಕರೆಕೊಟ್ಟ ಮುಷ್ಕರ ಅದು. ಮೇ ೮ರಿಂದ ೨೭ರವರೆಗೆ, ಇಪ್ಪತ್ತು ದಿನ. ಆ ಇಪ್ಪತ್ತು ದಿನಗಳಲ್ಲಿ ಸರ್ಕಾರ ಹಿಡಿದ ಆಯುಧಗಳಲ್ಲಿ ಒಂದು ಲಾಠಿ, ಒಂದು ಜೈಲು, ಇನ್ನೊಂದು ಕ್ವಾರ್ಟರ್ಸಿನ ಬೀಗ. ಗಂಡಸರು ತಲೆತಪ್ಪಿಸಿಕೊಂಡಿದ್ದಾಗ ಹೆಂಗಸರು, ಮಕ್ಕಳನ್ನು ಪಾತ್ರೆ ಪಗಡೆ ಸಹಿತ ಹೊರಗೆ ಹಾಕಿದ್ದು ದೇಶದ ಅನೇಕ ರೈಲ್ವೆ ಕಾಲೊನಿಗಳಲ್ಲಿ ನಡೆಯಿತು. ಎಂಟು ಗಂಟೆಯ ಕೆಲಸ ಕೇಳಿದವನಿಗೆ ಮನೆ ಇಲ್ಲ! ಅಂದು ಬಾಗಿಲ ಹೊರಗೆ ಬಿದ್ದ ಪಾತ್ರೆಗಳ ಸದ್ದು ಕೇಳಿದ ಮಕ್ಕಳಿಗೆ ಈಗ ಅರವತ್ತು ದಾಟಿದೆ. ಅವರಲ್ಲಿ ಕೆಲವರು ನಮ್ಮ ಸಂಘದ ಸದಸ್ಯರೇ. ನಾವು ಅವರಿಂದ ಗಣೇಶೋತ್ಸವದ ಚಂದಾ ಕೇಳಿದ್ದೇವೆ, ಈ ಕಥೆ ಎಂದೂ ಕೇಳಿಲ್ಲ.

ಇಂಥ ಮನೆಗಳನ್ನು ಒಡೆದರೇನು, ಇಟ್ಟರೇನು ಎಂಬುದೇ ಈಗಿನ ಜಗಳ. ನಮ್ಮ ಅಭಿಪ್ರಾಯ ಇಷ್ಟು: ಎಲ್ಲವನ್ನೂ ಇಡಿ ಎಂದು ನಾವು ಹೇಳುವುದಿಲ್ಲ, ಆದರೆ ಈಗ ಒಡೆಯುತ್ತಿರುವ ರೀತಿ ಮೋಸದ್ದು, ಮತ್ತು ಉಳಿಸುವಾಗ ಉಳಿಸುತ್ತಿರುವ ರೀತಿ ಹೆಣಕ್ಕೆ ಶೃಂಗಾರ ಮಾಡಿದಂತೆ.

ಒಡೆಯುವ ರೀತಿಯನ್ನು ಮೊದಲು ನೋಡೋಣ. ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಫೈಲಿನ ದಾರಿ ನಮಗೆ ಗೊತ್ತು. ಯಾವ ಕ್ವಾರ್ಟರ್ಸೂ ತಾನಾಗಿ ಮುದಿಯಾಗುವುದಿಲ್ಲ, ಅದನ್ನು ಮುದಿ ಮಾಡುತ್ತಾರೆ. ಮೊದಲ ವರ್ಷ ಮಳೆಗಾಲದ ಮುಂಚಿನ ದುರಸ್ತಿಗೆ ಹಣವಿಲ್ಲ. ಎರಡನೆಯ ವರ್ಷ ಹೆಂಚು ಒಡೆದ ಕಡೆ ತಗಡು. ಮೂರನೆಯ ವರ್ಷ ಗೋಡೆ ತೇವ ಹಿಡಿದಿದೆ ಎಂದು ಸಿಮೆಂಟಿನ ಗಿಲಾವು. ಐದಾರು ವರ್ಷದಲ್ಲಿ ಒಬ್ಬ ಇಂಜಿನಿಯರು ಬಂದು ಗೋಡೆಗೆ ಬೆರಳು ಮುಟ್ಟಿಸಿ, "ದುರಸ್ತಿ ಮಿತವ್ಯಯಕರವಲ್ಲ, ವಾಸಕ್ಕೆ ಯೋಗ್ಯವಲ್ಲ" ಎಂದು ಒಂದು ಟಿಪ್ಪಣಿ ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು. ಇಂಥ ಟಿಪ್ಪಣಿಗಳನ್ನು ನಾವೇ ಟೈಪ್ ಮಾಡಿದ್ದೇವೆ, ಡೈರಿ ನಂಬರು ಹಾಕಿ ಕಳಿಸಿದ್ದೇವೆ. ಆ ಪಾಪದಲ್ಲಿ ನಮ್ಮ ಪಾಲೂ ಇದೆ.

ಕಾಲೇಜಿನಲ್ಲಿ ಓದಿದ ರಸಾಯನಶಾಸ್ತ್ರ ಮೂವತ್ತು ವರ್ಷದ ನೌಕರಿಯಲ್ಲಿ ಎಂದೂ ಉಪಯೋಗಕ್ಕೆ ಬರಲಿಲ್ಲವೆಂದು ಮನೆಯವರು ಹಾಸ್ಯ ಮಾಡುತ್ತಾರೆ. ಇಲ್ಲಿ ಸ್ವಲ್ಪ ಬರುತ್ತದೆ. ಹಳೆಯ ಕಲ್ಲು, ಇಟ್ಟಿಗೆಯ ಮನೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಿಂದ. ಸುಣ್ಣ ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿಕೊಂಡು ವರ್ಷಗಟ್ಟಲೆ ಮೆಲ್ಲಗೆ ಮತ್ತೆ ಕಲ್ಲಾಗುತ್ತ ಹೋಗುತ್ತದೆ. ಅದು ಸೂಕ್ಷ್ಮ ರಂಧ್ರಗಳ ವಸ್ತು. ಮಳೆಗಾಲದಲ್ಲಿ ಒಳಹೋದ ತೇವ ಬೇಸಿಗೆಯಲ್ಲಿ ಅದರ ಮೂಲಕ ಹೊರಗೆ ಹೋಗುತ್ತದೆ. ಅಂಥ ಗೋಡೆಯ ಮೇಲೆ ಗಟ್ಟಿ ಸಿಮೆಂಟು ಬಳಿದರೆ ತೇವಕ್ಕೆ ಹೊರದಾರಿ ಮುಚ್ಚುತ್ತದೆ. ಒಳಗೆ ಉಪ್ಪು ಹರಳುಗಟ್ಟಿ ಗಿಲಾವನ್ನು ತಳ್ಳುತ್ತದೆ, ಗೋಡೆ ಹಪ್ಪಳದಂತೆ ಸಿಪ್ಪೆ ಬಿಡುತ್ತದೆ. ಆಗ ಎಲ್ಲರೂ ಅನ್ನುವುದು, "ಹಳೆಯ ಗೋಡೆ, ಏನು ಮಾಡಿದರೂ ನಿಲ್ಲುವುದಿಲ್ಲ". ಗೋಡೆ ನಿಂತೇ ಇತ್ತು ಸ್ವಾಮಿ, ನೂರು ವರ್ಷ ನಿಂತಿತ್ತು! ಮಾಡಿನ ಕಥೆಯೂ ಹೀಗೆಯೇ. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಮಂಗಳೂರು ಹೆಂಚು ಈ ಪಶ್ಚಿಮ ತೀರದ ಉದ್ದಕ್ಕೂ ಮನೆ, ಗೋದಾಮು, ಸ್ಟೇಷನ್ನುಗಳ ತಲೆಯೇರಿತು. ಅದರ ಗುಣವೇ ಒಂದು ಒಡೆದರೆ ಆ ಒಂದನ್ನು ಬದಲಾಯಿಸಿದರೆ ಸಾಕು ಎಂಬುದು. ಏಣಿ ಒಂದು, ಆಳು ಒಬ್ಬ, ಅರ್ಧ ದಿನ. ಆ ಅರ್ಧ ದಿನದ ಕೂಲಿ ಉಳಿಸಿ ಇಡೀ ಸಾಲನ್ನು ಕಳೆದುಕೊಂಡ ಲೆಕ್ಕಾಚಾರ ಯಾವ ಶಾಸ್ತ್ರದ್ದು?

ಶಾಸ್ತ್ರ ಬೇರೆ ಏನಿಲ್ಲ, ನೆಲದ ಬೆಲೆ. ರೈಲ್ವೆ ಕಾನೂನಿಗೆ ೨೦೦೫ರಲ್ಲಿ ತಿದ್ದುಪಡಿ ತಂದು ರೈಲು ಭೂ ಅಭಿವೃದ್ಧಿ ಪ್ರಾಧಿಕಾರ ಎಂಬುದನ್ನು ಮಾಡಿದ್ದಾರೆ. ಖಾಲಿ ಜಾಗದಿಂದ ವರಮಾನ ತರುವುದು ಅದರ ಕೆಲಸ. ಹಳೆಯ ಕಾಲೊನಿಗಳೂ ಈಗ ಅದರ ಲೆಕ್ಕದಲ್ಲಿ ಸೇರಿವೆ. ಒಂದು ಮೂಲೆಯಲ್ಲಿ ನೌಕರರಿಗೆ ಎತ್ತರದ ಕಟ್ಟಡ, ಉಳಿದ ನೆಲ ಬಿಲ್ಡರಿಗೆ ೯೯ ವರ್ಷದವರೆಗಿನ ಗುತ್ತಿಗೆ. ತೊಂಬತ್ತೊಂಬತ್ತು ವರ್ಷ ಎಂದರೆ ಮೊಮ್ಮಗನ ಮಗನ ಕಾಲ. ಮಾರಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಗದದ ಮೇಲೆ ಮಾತ್ರ. ಬೆಂಗಳೂರಿನ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯನ್ನು ಹೀಗೆ ಕೊಡುವ ಮಾತು ಬಂದಾಗ, ೨೦೨೫ರಲ್ಲಿ, ಅಲ್ಲಿಯ ಜನ ಮರಗಳಿಗಾಗಿ ದನಿಯೆತ್ತಿದರು. ಬಹಳ ಒಳ್ಳೆಯದು. ಮರ ಬೇಕು. ಆದರೆ ಇಷ್ಟು ದೂರದಲ್ಲಿರುವ ನಮಗೆ ಕೇಳಿಬಂದದ್ದು ಮರದ ಮಾತೇ. ಆ ಮರ ನೆಟ್ಟು ಕೊಡದಲ್ಲಿ ನೀರು ಹಾಕಿದವರ ಮನೆಯ ಮಾತು ಕೇಳಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಓದುಗರು ದಯವಿಟ್ಟು ಗಮನಿಸಬೇಕು. ವರಳಿ, ನಾಯಗಾಂವ್, ಎನ್. ಎಂ. ಜೋಶಿ ಮಾರ್ಗ, ಶಿವಡಿಗಳ ಬಿಡಿಡಿ ಚಾಳಗಳು ನಮಗೆಲ್ಲ ಗೊತ್ತು. ೧೯೨೦ರ ದಶಕದವು, ಒಟ್ಟು ೨೦೭ ಕಟ್ಟಡ, ಒಂದೊಂದು ಖೋಲಿ ಸುಮಾರು ೧೬೦ ಚದರ ಅಡಿ. ವರಳಿಯಲ್ಲಿ ಅವನ್ನು ಕೆಡವಿ ಹೊಸ ಗೋಪುರ ಕಟ್ಟಿ, ೨೦೨೫ರ ಆಗಸ್ಟಿನಲ್ಲಿ ಮೊದಲ ೫೫೬ ಸಂಸಾರಗಳಿಗೆ ೫೦೦ ಚದರ ಅಡಿಯ ಮನೆಯ ಕೀಲಿಕೈ ಕೊಟ್ಟರು. ಆ ದಿನ ಅಲ್ಲಿಯ ಮುದುಕಿಯರು ಕಣ್ಣೀರಿಟ್ಟಿದ್ದರೆ ಅದು ಸಂತೋಷದ ಕಣ್ಣೀರು. ಅವರ ಮುಂದೆ ನಿಂತು "ಹಳೆಯ ಖೋಲಿಯೇ ಚೆನ್ನಾಗಿತ್ತು, ಪರಂಪರೆ ಹೋಯಿತು" ಎನ್ನುವ ಧೈರ್ಯ ನಮಗಿಲ್ಲ, ಇರಲೂಬಾರದು. ಆದರೆ ಅವರಿಗೆ ಆ ಮನೆ ಸಿಕ್ಕಿದ್ದು ಹೇಗೆ? ಬಾಡಿಗೆದಾರರು ಎಂಬ ಹಕ್ಕಿನಿಂದ. ಅಜ್ಜನ ಹೆಸರಿನ ಬಾಡಿಗೆ ಪಾವತಿ ಮೊಮ್ಮಗನ ಕೈಯಲ್ಲಿ ಆಯುಧವಾಯಿತು. ರೈಲ್ವೆ ಕ್ವಾರ್ಟರ್ಸಿನವನಿಗೆ ಆ ಹಕ್ಕು ಇಲ್ಲ. ಅವನು ಬಾಡಿಗೆದಾರನಲ್ಲ, ನೌಕರಿ ಇರುವ ತನಕ ಇರಲು ಬಿಟ್ಟವನು. ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಖಾಲಿ ಮಾಡದಿದ್ದರೆ ದಂಡದ ಬಾಡಿಗೆ, ಆಮೇಲೆ ೧೯೭೧ರ ಸಾರ್ವಜನಿಕ ಕಟ್ಟಡಗಳ ಕಾನೂನಿನ ನೋಟೀಸು. ತಂದೆ ನಲವತ್ತು ವರ್ಷ, ಅಜ್ಜ ಮೂವತ್ತು ವರ್ಷ ಅದೇ ಸಾಲಿನಲ್ಲಿ ಇದ್ದರೂ ಮಗನಿಗೆ ಹೊಸ್ತಿಲ ಕಲ್ಲಿನ ಮೇಲೆ ಕೂಡ ಅಧಿಕಾರವಿಲ್ಲ. ಕೋಲಾರದಲ್ಲಿ ಇದನ್ನೇ ನೋಡಿದೆವು: ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೆ, ಇದ್ದ ಮನೆ ನಮ್ಮದು ಎನ್ನಿಸಿಕೊಳ್ಳಲು ಗಣಿಯ ನಿವೃತ್ತರು ವರ್ಷಗಟ್ಟಲೆ ಬಡಿದಾಡಿದರು.

ಹೀಗಾಗಿ ರೈಲ್ವೆ ಚಾಳ ಬೀಳುವಾಗ ಅದರ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. ಒಳಗಿರುವ ನೌಕರನಿಗೆ ನಾಳೆ ವರ್ಗ. ಅಧಿಕಾರಿಗೆ ನಾಡಿದ್ದು ವರ್ಗ. ನಿವೃತ್ತನು ಅಂಬರನಾಥದಲ್ಲೋ ಬದಲಾಪುರದಲ್ಲೋ ಸಾಲ ಮಾಡಿ ಒಂದು ಕೋಣೆ ಕೊಂಡು ಹೋಗಿಯಾಯಿತು. ಚಾಳದ ಬಾಡಿಗೆದಾರರ ಸಂಘ ಇರುತ್ತದೆ, ಸೊಸೈಟಿ ಇರುತ್ತದೆ, ನಗರಸೇವಕ ಬರುತ್ತಾನೆ. ಕ್ವಾರ್ಟರ್ಸಿಗೆ ಯಾರು ಬರುತ್ತಾರೆ? ಸಾರ್ವಜನಿಕ ಆಸ್ತಿಯ ಪೈಕಿ ಇಷ್ಟು ಸದ್ದಿಲ್ಲದೆ ಹೋಗುವ ಆಸ್ತಿ ಇನ್ನೊಂದಿಲ್ಲ.

ಇನ್ನು ಉಳಿಸುವವರ ಕಡೆ ತಿರುಗೋಣ. ಮುಂಬಯಿಗೆ ೧೯೯೫ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ಬಂತು. ದೇಶದಲ್ಲಿ ಇದೇ ಮೊದಲು ಎಂಬ ಹೆಮ್ಮೆ ನಮಗಿದೆ. ಒಂದನೆಯ ದರ್ಜೆ, ಎರಡನೆಯ ದರ್ಜೆ, ಮೂರನೆಯ ದರ್ಜೆ ಎಂದು ಪಟ್ಟಿ. (ರೈಲಿನಲ್ಲಿ ಮೂರನೆಯ ದರ್ಜೆ ಹೋದರೂ ನಮ್ಮವರಿಗೆ ದರ್ಜೆಯ ಮೋಹ ಬಿಟ್ಟಿಲ್ಲ.) ಸ್ಟೀವನ್ಸ್ ಸಾಹೇಬರು ೧೮೭೮ರಿಂದ ಹತ್ತು ವರ್ಷ ಕಟ್ಟಿಸಿದ ವಿಕ್ಟೋರಿಯಾ ಟರ್ಮಿನಸ್, ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ೨೦೦೪ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಸೇರಲೇಬೇಕು, ದಿನಾಲೂ ಅದರ ಕೆಳಗೆ ಇಳಿಯುವ ನಮಗೆ ಇಂದಿಗೂ ಒಮ್ಮೆ ಕತ್ತೆತ್ತಿ ನೋಡುವ ಮನಸ್ಸಾಗುತ್ತದೆ. ಆದರೆ ಆ ಗುಮ್ಮಟದ ಕೆಳಗೆ ಕಸ ಗುಡಿಸಿದವನು, ದೀಪ ಹಚ್ಚಿದವನು, ಹಳಿ ಕಾಯ್ದವನು ಕೆಲಸ ಮುಗಿಸಿ ಎಲ್ಲಿಗೆ ಹೋದ ಎಂದು ಪಟ್ಟಿ ಮಾಡುವವರು ಕೇಳುವುದಿಲ್ಲ. ಶಿಲ್ಪ ಇದ್ದರೆ ಪರಂಪರೆ, ಸಂಸಾರ ಇದ್ದರೆ ಬರೀ ಹಳೆಯ ಕಟ್ಟಡ. ಅಪ್ಪಿತಪ್ಪಿ ಒಂದು ಹಳೆಯ ಮನೆ ಉಳಿದರೂ ಅದರಿಂದ ಜನರನ್ನು ಹೊರಗೆ ಹಾಕಿ, ಹಗ್ಗ ಕಟ್ಟಿ, "ಮುಟ್ಟಬೇಡಿ" ಎಂದು ಫಲಕ ಹಾಕಿದ ಮೇಲೆಯೇ ಉಳಿಯುತ್ತದೆ. ಒಲೆ ಹೊತ್ತದ ಮನೆ ಎಷ್ಟು ದಿನ ಮನೆ?

ಬೇರೆ ದಾರಿ ಇಲ್ಲವೇ? ರೈಲು ಹುಟ್ಟಿದ ದೇಶದವರು ಏನು ಮಾಡಿದರು ನೋಡೋಣ. ಎಲ್ಲದಕ್ಕೂ ಬಿಳಿಯರ ಉದಾಹರಣೆ ಏಕೆ ಎಂದು ಕೆಲವರಿಗೆ ಸಿಟ್ಟು ಬರಬಹುದು. ಕ್ವಾರ್ಟರ್ಸನ್ನು ಕಟ್ಟುವ ಪದ್ಧತಿ ಅವರಿಂದಲೇ ಬಂದಿದ್ದರಿಂದ ಇಟ್ಟುಕೊಳ್ಳುವ ಪದ್ಧತಿಯನ್ನೂ ವಿಚಾರಿಸುವುದು ತಪ್ಪಲ್ಲ. ಇಂಗ್ಲೆಂಡಿನ ಸ್ವಿಂಡನ್ ಎಂಬ ಊರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ವರ್ಕ್‌ಶಾಪಿನ ಕೆಲಸಗಾರರಿಗೆ ೧೮೪೦ರ ದಶಕದಲ್ಲಿ ಸುಮಾರು ೩೦೦ ಸಾಲುಮನೆಗಳನ್ನು ಕಲ್ಲಿನಿಂದ ಕಟ್ಟಿಸಿತು. ಬೀದಿಗಳಿಗೆ ಆ ಗಾಡಿ ಹೋಗುವ ಊರುಗಳ ಹೆಸರು: ಬ್ರಿಸ್ಟಲ್, ಎಕ್ಸೆಟರ್, ಟಾಂಟನ್, ರೆಡಿಂಗ್. ನಮ್ಮ ಲೆಕ್ಕದಲ್ಲಿ ಗದಗ ಬೀದಿ, ಲೋಂಡಾ ಬೀದಿ, ಗುಂತಕಲ್ ಬೀದಿ ಎಂದಂತೆ. ಅಲ್ಲಿಯೂ ಮೊದಲು ಇಕ್ಕಟ್ಟೇ. ಒಂದು ಮನೆಯಲ್ಲಿ ಎರಡು ಸಂಸಾರ, ಮೇಲೆ ಬಾಡಿಗೆಯ ಹುಡುಗರು. ೧೮೪೭ರಲ್ಲಿ ಕೆಲಸಗಾರರು ಪಗಾರದಿಂದ ವಾರಕ್ಕೆ ಇಷ್ಟೆಂದು ಕೊಟ್ಟು ಔಷಧೋಪಚಾರದ ನಿಧಿ ಮಾಡಿಕೊಂಡರು. ನೂರು ವರ್ಷದ ಮೇಲೆ ಆ ದೇಶ ಎಲ್ಲರಿಗೂ ಉಚಿತ ವೈದ್ಯದ ವ್ಯವಸ್ಥೆ ಮಾಡಿದಾಗ ಈ ನಿಧಿಯ ಉದಾಹರಣೆಯೂ ಕಣ್ಣ ಮುಂದೆ ಇತ್ತೆನ್ನುತ್ತಾರೆ. ೧೯೬೦ರ ದಶಕದಲ್ಲಿ ಅಲ್ಲಿಯೂ "ಹಳೆಯದಾಯಿತು, ಒಡೆಯೋಣ" ಎಂಬ ಮಾತು ಎದ್ದಿತು. ೧೯೬೬ರಲ್ಲಿ ಊರಿನ ಪುರಸಭ�ೆಯೇ ರೈಲ್ವೆಯಿಂದ ಆ ಮನೆಗಳನ್ನು ಕೊಂಡುಕೊಂಡು, ಮುಂದಿನ ಗೋಡೆ ಇದ್ದಂತೆಯೇ ಇಟ್ಟು ಒಳಗೆ ಈ ಕಾಲಕ್ಕೆ ಬೇಕಾದ ಸೌಕರ್ಯ ಮಾಡಿಸಿ, ಬಾಡಿಗೆಗೆ ಕೊಟ್ಟಿತು. ೧೯೮೬ರಲ್ಲಿ ವರ್ಕ್‌ಶಾಪೇ ಮುಚ್ಚಿತು, ಮನೆಗಳು ಮುಚ್ಚಲಿಲ್ಲ. ಇಂದಿಗೂ ಅಲ್ಲಿ ಜನ ಇದ್ದಾರೆ, ಬಟ್ಟೆ ಒಣಗುತ್ತವೆ. ಒಂದೇ ಒಂದು ಮನೆಯನ್ನು ಮಾತ್ರ ಹಳೆಯ ಕಾಲದ ರೈಲ್ವೆ ಕೆಲಸಗಾರನ ಮನೆಯಂತೆ ನೋಡಲು ಇಟ್ಟರು. ಡರ್ಬಿ ಎಂಬ ಇನ್ನೊಂದು ಊರಲ್ಲಿ, ೧೮೪೦ರ ದಶಕದ ಆರಂಭದಲ್ಲಿ ಸ್ಟೇಷನ್ನಿನ ಎದುರು ಕಟ್ಟಿದ ಇಂಥದೇ ಮನೆಗಳನ್ನು ಒಡೆಯಲು ಹೊರಟಿದ್ದಾಗ ಒಂದು ವಿಶ್ವಸ್ತ ಮಂಡಳಿ ಅಡ್ಡ ಬಂದು, ದುರಸ್ತಿ ಮಾಡಿ, ಇರುವವರಿಗೆ ಮಾರಿ, ಬಂದ ಹಣದಲ್ಲಿ ಮುಂದಿನ ಕೆಲಸ ಹಿಡಿಯಿತು.

ನಮ್ಮಲ್ಲಿ ಮಳೆ ಹೆಚ್ಚು, ಜನ ಹೆಚ್ಚು, ನೆಲದ ಬೆಲೆ ಹೆಚ್ಚು ಎಂದು ಉತ್ತರ ಬರುತ್ತದೆ. ಬರಲಿ. ಎಲ್ಲ ಕಾಲೊನಿಯನ್ನೂ ಉಳಿಸಿ ಎಂದು ನಾವು ಕೇಳಲೇ ಇಲ್ಲವಲ್ಲ. ಒಂದು ರೈಲ್ವೆ ವಿಭಾಗಕ್ಕೆ ಒಂದು ಸಾಲು. ಹತ್ತೋ ಹನ್ನೆರಡೋ ಮನೆ. ಅದೂ ಸಾಹೇಬರ ಬಂಗಲೆಯಲ್ಲ, ಕೆಳಗಿನ ದರ್ಜೆಯ ನೌಕರರ ಸಾಲು. ಮುಂಬಯಿ ವಿಭಾಗದಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಒಂದು. ಗೋವೆಗೆ ಇಳಿಯುವ ಘಟ್ಟದ ತಲೆಯಲ್ಲಿ, ಕ್ಯಾಸಲ್‌ರಾಕಿನಲ್ಲಿ, ಗ್ಯಾಂಗ್‌ಮನ್ನರಿಗಾಗಿ ಒಂದು. ಹೆಂಚು ಹೊದಿಸಿ, ಸುಣ್ಣದ ಗಾರೆಯಿಂದಲೇ ದುರಸ್ತಿ ಮಾಡಿ, ಹಿಂಬದಿಗೆ ಸಂಡಾಸು, ಬಚ್ಚಲು ಸೇರಿಸಿ, ಇಂದು ಹಳಿ ಕಾಯುವವರಿಗೇ ಇರಲು ಕೊಡಿ. ಬೇಕಿದ್ದರೆ ಕೊನೆಯ ಒಂದು ಮನೆಯನ್ನು ಮಾತ್ರ ನೋಡಲು ಇಡಿ. ಮತ್ತು ಯಾವ ಸಾಲನ್ನೇ ಒಡೆಯುವ ಮುಂಚೆ, "ವಾಸಕ್ಕೆ ಯೋಗ್ಯವಲ್ಲ" ಎಂಬ ಟಿಪ್ಪಣಿಯ ಕೆಳಗೆ ಕಳೆದ ಹತ್ತು ವರ್ಷ ಅದರ ದುರಸ್ತಿಗೆ ಎಷ್ಟು ಖರ್ಚಾಯಿತು ಎಂಬ ಒಂದು ಸಾಲು ಬರೆಯುವುದು ಕಡ್ಡಾಯವಾಗಲಿ. ಆ ಒಂದು ಸಾಲು ಬರೆಯಬೇಕಾದರೆ ಎಷ್ಟು ಪೆನ್ನುಗಳ ಮಸಿ ಒಣಗುತ್ತದೆಂದು ನಮಗೆ ಗೊತ್ತು.

ಕೊನೆಗೆ ನಮ್ಮವರ ವಿಷಯ. ನಮ್ಮ ಸಂಘಗಳು ರಾಜ್ಯೋತ್ಸವ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ, ಊರಿನಿಂದ ಸಾಹಿತಿಗಳನ್ನು ಕರೆಸಿ ಶಾಲು ಹೊದಿಸುತ್ತವೆ. ಊರಿನವರಿಗೆ ಹೊದಿಸುವ ಶಾಲಿನಲ್ಲಿ ಒಂದನ್ನು, ಇಲ್ಲೇ ಪಕ್ಕದ ಕಟ್ಟಡದಲ್ಲಿರುವ ನಿವೃತ್ತ ಖಲಾಸಿಗೆ ಹೊದಿಸಿ ಎರಡು ತಾಸು ಅವನ ಮಾತು ಕೇಳಿ ಬರೆದುಕೊಂಡಿದ್ದರೆ ಇಷ್ಟರಲ್ಲಿ ಒಂದು ಪುಸ್ತಕವಾಗುತ್ತಿತ್ತು. ಮಾಡಲಿಲ್ಲ, ಏಕೆಂದರೆ ಚಾಳದಿಂದ ಫ್ಲ್ಯಾಟಿಗೆ ಬಂದವರಿಗೆ ಚಾಳದ ಹೆಸರು ಎತ್ತುವುದೇ ಸಂಕೋಚ. ಮಗಳಿಗೆ ವರ ನೋಡುವಾಗ "ನಾವು ಮೊದಲು ರೈಲ್ವೆ ಚಾಳದಲ್ಲಿದ್ದೆವು" ಎನ್ನಲು ಬಾಯಿ ಬರುವುದಿಲ್ಲ. ರೈಲ್ವೆ ಇಲಾಖೆಯನ್ನು ಬೈಯುವುದು ಸುಲಭ. ಮನೆಯ ಅಲ್ಮಾರಿಯಲ್ಲಿದ್ದ ಆ ಕಾಲದ ಚಿತ್ರವನ್ನು, ಅಪ್ಪನ ಹಿತ್ತಾಳೆಯ ಬಿಲ್ಲೆಯನ್ನು ಕಳೆದ ದೀಪಾವಳಿಯಲ್ಲಿ ಭಂಗಾರದವನಿಗೆ ಹಾಕಿದ್ದು ಯಾವ ಇಲಾಖೆ?

ಆ ಹಿರಿಯರ ಮನೆಗೆ ಎರಡು ವಾರದ ಮೇಲೆ ನಾವು ಹೋಗಿದ್ದೆವು. ಚಾಳದ ನಕ್ಷೆಯನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು: ನಲ್ಲಿ ಎಲ್ಲಿ, ಬೇವಿನ ಮರ ಎಲ್ಲಿ, ಯಾವ ನಂಬರಿನಲ್ಲಿ ಯಾರಿದ್ದರು. ಹದಿನಾರು ಮನೆಗಳಲ್ಲಿ ಹದಿಮೂರರ ಹೆಸರು ನೆನಪಿತ್ತು. "ಉಳಿದ ಮೂರು ಮನೀದು ನೀವ ಹುಡುಕ್ರಿ" ಎಂದರು.

ರೈಲ್ವೆಯ ಎರಡೂ ವಿಭಾಗಗಳಿಗೆ ಕಳಿಸುವ ಮನವಿಯ ಪ್ರತಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ರವಿವಾರ ಸಂಜೆ ಆರರಿಂದ ಎಂಟರವರೆಗೆ ಬಂದು ಸಹಿ ಹಾಕಬಹುದು. ಬರುವಾಗ ರೈಲ್ವೆ ಚಾಳದ ಯಾವುದೇ ಚಿತ್ರ, ಬಾಡಿಗೆ ಕಡಿತ ಕಾಣಿಸುವ ಪಗಾರದ ಚೀಟಿ, ಹಳೆಯ ಪಾಸು ಇದ್ದರೆ ತನ್ನಿ. ಪ್ರತಿ ಮಾಡಿಕೊಂಡು ಅಲ್ಲಿಯೇ ಹಿಂತಿರುಗಿಸುತ್ತೇವೆ.